ಹ್ಯಾಂಡ್ ಗ್ರೈಂಡರ್ ಡಿಸ್ಕ್ ಒಡೆದು ಬಾಳೆಗಿಡಕ್ಕೆ ಹೊಕ್ಕಿತು – ನನ್ನ ತಪ್ಪೇನು?

ತೋಟದಮನೆ_ಸಾಗರ

ಕೊಟ್ಟಿಗೆಗೆ ಒಂದು ಗೇಟು ಆಗಬೇಕಿತ್ತು. ವೆಲ್ಡಿಂಗಿನವರು "ನಾಳೆ ಬರ್ತೀನಿ" ಅಂತ ಹೇಳಿ ಹೇಳಿ ಮಳೆಗಾಲವೇ ಮುಗಿಯಿತು. ಕೊನೆಗೆ ನಾನೇ ಪೇಟೆಗೆ ಹೋಗಿ 4 ಇಂಚಿನ ಹ್ಯಾಂಡ್ ಗ್ರೈಂಡರ್ ತಂದೆ. 850 ವ್ಯಾಟ್, ಮೈಮೇಲೆ 11,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂತ ಬರೆದಿದೆ. ಹಳೇ ಪಂಪ್‌ಸೆಟ್ಟಿನ ಒಂದೂವರೆ ಇಂಚಿನ ಜಿಐ ಪೈಪು ಬೇಕಾದಷ್ಟು ಬಿದ್ದಿತ್ತು. ಅಳತೆಗೆ ತುಂಡು ಮಾಡಿಟ್ಟುಕೊಂಡರೆ ವೆಲ್ಡಿಂಗ್ ಮಾತ್ರ ಅವರ ಕೈಲಿ ಮಾಡಿಸಬಹುದು ಅನ್ನೋ ಲೆಕ್ಕ.

ನಿನ್ನೆ ಸಂಜೆ ಪೈಪಿನ ಎರಡೂ ತುದಿಯನ್ನು ಎರಡು ಕಲ್ಲಿನ ಮೇಲಿಟ್ಟು ನಡುವೆ ಕೊಯ್ಯಲು ಶುರು ಮಾಡಿದೆ. ಮುಕ್ಕಾಲು ಪಾಲು ಬೆಣ್ಣೆ ಕೊಯ್ದ ಹಾಗೆ ಹೋಯಿತು. ಆಮೇಲೆ ಮಷಿನ್ ಒಮ್ಮೆಲೇ ಗಕ್ ಅಂತ ಕಚ್ಚಿಕೊಂಡು ಕೈಯಿಂದ ಜಿಗಿದು ಅಂಗಳಕ್ಕೆ ಬಿತ್ತು. ಬಿದ್ದಲ್ಲೇ ಗಿರಗಿರ ತಿರುಗುತ್ತಾ ನಾಯಿಯ ಕಡೆಗೆ ಹೊರಟಿತ್ತು, ವೈರು ಹಿಡಿದು ಎಳೆದೆ. ಡಿಸ್ಕು ಒಡೆದಿತ್ತು, ಒಂದು ಚೂರು ಎಲ್ಲಿ ಹೋಯಿತೋ ಸಿಗಲೇ ಇಲ್ಲ.

ಬೆಳಿಗ್ಗೆ ಹಾಲು ಕರೆಯಲು ಹೋದಾಗ ಕಂಡಿತು. ಹತ್ತಡಿ ಆಚೆಗಿನ ಬಾಳೆಗಿಡದಲ್ಲಿ ಕರೀ ಚೂರು ಎರಡು ಬೆರಳಗಲ ಹೊಕ್ಕು ಕೂತಿದೆ, ಅದರ ಕೆಳಗೆ ಸೊನೆ ಇಳಿದು ಕಂದು ಗೆರೆ. ನನ್ನ ಎದೆಯ ಎತ್ತರಕ್ಕೇ ಸರಿಯಾಗಿ.

ಡಿಸ್ಕನ್ನು ಅರ್ಧ ಮುಚ್ಚುವ ತಗಡಿನ ಗಾರ್ಡ್ ತೆಗೆದಿದ್ದೆ. ಅಂಗಡಿ ಹುಡುಗನೇ "ಅಡ್ಡ ಬರುತ್ತೆ ಸಾರ್, ಯಾರೂ ಹಾಕಲ್ಲ" ಅಂದಿದ್ದ. ಕಣ್ಣಿಗೆ ಇದ್ದದ್ದು ಓದುವ ಕನ್ನಡಕ. ಉಟ್ಟಿದ್ದು ಪಂಚೆ. ಬೈಯುವವರು ಬೈಯಿರಿ, ಆದರೆ ಏನು ತಪ್ಪಾಯಿತು ಅಂತ ಬಿಡಿಸಿ ಹೇಳಿ. ಇನ್ನೂ 14 ತುಂಡು ಬಾಕಿ ಇದೆ.

ಮೈಸೂರ್_ಮಲ್ಲಿಗೆ

ಗ್ರೈಂಡರ್ ಅಂತ ನೋಡಿ ದೋಸೆ ಹಿಟ್ಟಿನ ವಿಷಯ ಇರಬೇಕು ಅಂತ ಬಂದೆ. ಬಾಳೆಗಿಡದ ಸಾಲು ಓದಿ ಎದೆ ಧಸಕ್ ಅಂತು ಕಣ್ರಿ. ಮೊದಲು ದೇವರಿಗೆ ಒಂದು ತುಪ್ಪದ ದೀಪ ಹಚ್ಚಿ.

ಫಿಟ್ಟರ್_ಭದ್ರಾವತಿ

31 ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ, ಈಗ ನಿವೃತ್ತ. ಬೈಯಲ್ಲ, ಏಕೆಂದರೆ ಅಂಗಡಿ ಹುಡುಗನ ಮಾತು ನಾನೂ ಕೇಳಿದವನೇ, 22ನೇ ವಯಸ್ಸಿನಲ್ಲಿ.

ನಿಮ್ಮ ಮೊದಲ ತಪ್ಪು ಗಾರ್ಡ್ ಅಲ್ಲ, ಆ ಎರಡು ಕಲ್ಲು. ಒಂದು ಕೋಲನ್ನು ಎರಡು ತುದಿಗೆ ಆಧಾರ ಕೊಟ್ಟು ನಡುವೆ ಮೇಲಿಂದ ಕೊಯ್ದರೆ ಏನಾಗುತ್ತೆ? ನಡು ಕೆಳಕ್ಕೆ ಕುಸಿಯುತ್ತೆ, ಕೊಯ್ದ ಬಾಯಿ ಮೇಲ್ಗಡೆ ಮುಚ್ಚಿಕೊಳ್ಳುತ್ತೆ. ಮುಕ್ಕಾಲು ಪಾಲು ಆಗುವ ತನಕ ಪೈಪಿಗೆ ತಾಕತ್ತು ಇತ್ತು, ಆಮೇಲೆ ಇಕ್ಕಳದ ಹಾಗೆ ಡಿಸ್ಕನ್ನು ಹಿಡಿದುಕೊಂಡಿತು. ಡಿಸ್ಕ್ ನಿಂತರೂ ಮೋಟಾರ್ ನಿಲ್ಲಲ್ಲ, ಹಾಗಾಗಿ ಮಷಿನ್ನೇ ತಿರುಗಿ ಎದ್ದಿತು. 1 ಮಿ.ಮೀ. ದಪ್ಪದ ಕಟಿಂಗ್ ಡಿಸ್ಕ್ ಅಡ್ಡಡ್ಡ ಬಗ್ಗಿದರೆ ಹಪ್ಪಳ.

ಮಾಡಬೇಕಾದ್ದು ಇಷ್ಟು: ಪೈಪಿನ ಒಂದು ಕಡೆಯನ್ನು ವೈಸ್‌ನಲ್ಲೋ ಸಿ-ಕ್ಲಾಂಪ್‌ನಲ್ಲೋ ಭದ್ರವಾಗಿ ಕಚ್ಚಿಸಿ. ಕೊಯ್ಯುವ ಗುರುತು ಆಧಾರದಿಂದ ಆಚೆಗೆ ಇರಲಿ, ಬೀಳುವ ತುಂಡು ಗಾಳಿಯಲ್ಲಿರಲಿ. ಆಗ ತುಂಡು ತನ್ನ ಭಾರಕ್ಕೆ ಬಗ್ಗಿದಂತೆ ಬಾಯಿ ತೆರೆದುಕೊಳ್ಳುತ್ತಾ ಹೋಗುತ್ತೆ. ತುಂಡು ತುಂಬಾ ಉದ್ದವಿದ್ದರೆ ಮಾತ್ರ ತುದಿಗೆ ಸಡಿಲವಾಗಿ ಒಂದು ಆಸರೆ. ಇನ್ನೊಂದು ಉಪಾಯ, ಪೈಪನ್ನು ಮೇಲಿಂದ ಕೆಳಗೆ ಒಂದೇ ಸಲ ಸೀಳಬೇಡಿ. ಅದರ ಗೋಡೆಯಷ್ಟೇ ಆಳ ಇಳಿಸಿ, ಪೈಪ್ ತಿರುಗಿಸಿ, ಮತ್ತೆ ಅಷ್ಟೇ ಇಳಿಸಿ ಸುತ್ತಲೂ ಕೊಯ್ಯಿರಿ. ಒತ್ತಬೇಡಿ, ಮಷಿನ್ ಭಾರವೇ ಸಾಕು. ಚಪ್ಪಲಿ ಕಾಲಲ್ಲಿ ಪೈಪ್ ಮೆಟ್ಟಿಕೊಂಡು ಕೊಯ್ಯುವವರನ್ನು ನೋಡಿರ್ತೀರಿ. ಅವರ ಹತ್ತಿರ ಏನನ್ನೂ ಕಲಿಯಬೇಡಿ.

ಇನ್ನು ಕಿಡಿ. ಡಿಸ್ಕು ಲೋಹಕ್ಕೆ ತಾಗುವ ಜಾಗದಲ್ಲಿ ಅಂಚು ಯಾವ ಕಡೆ ಓಡುತ್ತೋ ಕಿಡಿ ಆ ಕಡೆ ಹಾರುತ್ತೆ. ಕಚ್ಚಿಕೊಂಡಾಗ ಮಷಿನ್ ಜಿಗಿಯುವುದು ಅದಕ್ಕೆ ವಿರುದ್ಧ ದಿಕ್ಕಿಗೆ. ಅಂದರೆ ಕಿಡಿ ನಿಮ್ಮಿಂದ ಆಚೆ ಹಾರುತ್ತಿದ್ದರೆ, ನೋಡಲು ಚೆಂದ, ಆದರೆ ಕಚ್ಚಿದರೆ ಮಷಿನ್ ಬರುವುದು ನಿಮ್ಮ ಮೇಲೇ. ಯಾವ ದಿಕ್ಕಿಗೆ ಹಿಡಿದರೂ ಡಿಸ್ಕಿನ ಗೆರೆಯಲ್ಲಿ ಮೈ ಇಡಬೇಡಿ, ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ಆ ಬಾಳೆಗಿಡ ಡಿಸ್ಕಿನ ಗೆರೆಯಲ್ಲಿ ನಿಂತಿತ್ತು, ಅಷ್ಟೇ ವ್ಯತ್ಯಾಸ.

ಹುಬ್ಳಿ_ಫ್ಯಾಬ್ರಿಕೇಶನ್

ಅಜ್ಜಾರು ಹೇಳಿದ್ದು ಖರೇ ಐತ್ರಿ. ನಂದು ಗೇಟು, ಗ್ರಿಲ್ ಮಾಡೋ ಸಣ್ಣ ಶೆಡ್ ಐತಿ, ದಿನಾ ಇದ ಕೆಲಸ. ನಮ್ಮಲ್ಲಿ ಹೊಸಾ ಹುಡುಗ ಬಂದ್ರ ಮೊದಲ ಒಂದ್ ವಾರ ಗ್ರೈಂಡರ್ ಮುಟ್ಟಾಕ ಬಿಡಂಗಿಲ್ಲ, ಬರೇ ಕ್ಲಾಂಪ್ ಹಾಕೋದು ಕಲಸ್ತೀನಿ. ಹುಡುಗರು ಬೈಕೋತಾರ, ಬೈಕೋಲಿ.

ಗಾರ್ಡ್ ಬಗ್ಗೆ. ಅದು ಅಡ್ಡ ಬರೂದ ಅದರ ಕೆಲಸ್ರಿ! ಅದನ್ನ ತಿರುಗಿಸಿ ಕೂಡಿಸಾಕ ಬರತೈತಿ. ಮುಚ್ಚಿದ ಭಾಗ ಡಿಸ್ಕಿಗೂ ನಿಮಗೂ ನಡುವ ಇರೂಹಂಗ ಹಚ್ಚರಿ. ಡಿಸ್ಕ್ ಒಡದ್ರೂ ಚೂರು ಆ ಕಡೆ ಹೋಗತಾವು. ಪಕ್ಕದ ಹ್ಯಾಂಡಲ್ಲೂ ಹಾಕ್ರಿ. ಒಂದ ಕೈಯಾಗ ಗ್ರೈಂಡರ್ ಹಿಡದು ಇನ್ನೊಂದ ಕೈಯಾಗ ಪೈಪ್ ಹಿಡಿಯೋದು ಅಂದ್ರ ಬೆರಳು ಬ್ಯಾಡ ಅಂದಂಗ.

ಡಿಸ್ಕ್ ಎರಡು ಜಾತಿ. ತೆಳ್ಳಂದು, 1 ಮಿ.ಮೀ. ಆಸುಪಾಸು, ಅದು ಕೊಯ್ಯಾಕ ಅಷ್ಟ. ದಪ್ಪಂದು, 5-6 ಮಿ.ಮೀ., ಅದು ಉಜ್ಜಾಕ. ಕೊಯ್ದ ಮ್ಯಾಲ ಅಂಚಿನ ಮುಳ್ಳು ತಗಿಯಾಕ ಭಾಳ ಮಂದಿ ತೆಳ್ಳನ ಡಿಸ್ಕಿನ ಮಗ್ಗಲಲೇ ಉಜ್ಜತಾರ. ಅದು ಅಲ್ಲೇ ಚಕ್ಕೆ ಏಳತೈತಿ, ಮುಂದಿನ ಸಲ ಕೊಯ್ಯೂವಾಗ ಒಡಿತೈತಿ. ಮುಳ್ಳು ತಗಿಯಾಕ ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿ ಜೋಡಿಸಿದ್ದು) ತಗೋರಿ, ಮನೀ ಕೆಲಸಕ್ಕ ಅದಕ್ಕಿಂತ ಚಲೋ ಯಾವುದೂ ಇಲ್ಲ.

ಇನ್ನೊಂದು, ಡಿಸ್ಕಿನ ನಡುವಿನ ತಗಡಿನ ಬಳಿ ನೋಡ್ರಿ. ಅದರ ಮ್ಯಾಲ ತಿಂಗಳು, ವರ್ಷ ಒತ್ತಿರತಾರ. ಅದು ಡಿಸ್ಕಿನ ಆಯುಷ್ಯ, ತಯಾರಾಗಿ ಸುಮಾರು 3 ವರ್ಷ. ಡಿಸ್ಕಿನ ಅಂಟು ರಾಳದ್ದು, ತಂಪು ಹೀರಿ ಹೀರಿ ಸತ್ತು ಹೋಗತೈತಿ. ನಿಮ್ಮ ಮಲೆನಾಡಿನ ಮಳಿಯಾಗ ಕೊಟ್ಟಿಗ್ಯಾಗ ಇಟ್ರ ಮುಗೀತು. ಅಡಿಗಿ ಮನಿಯಾಗ ಡಬ್ಬಿಯೊಳಗ ಮಟ್ಟಸ ಇಡ್ರಿ. ಕೆಳಗ ಬಿದ್ದ ಡಿಸ್ಕು ಬಿರುಕು ಕಾಣದಿದ್ರೂ ಒಗೀರಿ. ನಲವತ್ತು ರೂಪಾಯಿ ಸಾಮಾನಿಗೆ ಜೀವ ಒತ್ತಿ ಇಡಬ್ಯಾಡ್ರಿ.

ಪುತ್ತೂರ್_ರಬ್ಬರ್

ಎಲ್ಲರೂ ಹೆದರಿಸುವುದು ಎಂತಕ್ಕೆ ಮಾರಾಯ್ರೆ? ನಾನು 20 ವರ್ಷದಿಂದ ಗಾರ್ಡ್ ಇಲ್ಲದೆ ಕೆಲಸ ಮಾಡ್ತಾ ಇದ್ದೇನೆ. ಗಾರ್ಡ್ ತೆಗೆದರೆ ದೊಡ್ಡ ಲಾಭ ಉಂಟು, 4 ಇಂಚಿನ ಮಷಿನಿಗೆ 7 ಇಂಚಿನ ಡಿಸ್ಕ್ ಕೂರುತ್ತದೆ. ತೂತು ದೊಡ್ಡದಾಗುತ್ತದೆ, ಅದಕ್ಕೊಂದು ವಾಷರ್ ಹಾಕಿದರಾಯಿತು. ದಪ್ಪ ಆಂಗಲ್ ಎಲ್ಲ ಒಂದೇ ಸಲಕ್ಕೆ ಕಟ್. ಇವತ್ತಿನವರೆಗೆ ಒಂದು ಗೀರು ಸಹ ಆಗಲಿಲ್ಲ.

ಫಿಟ್ಟರ್_ಭದ್ರಾವತಿ

ಪುತ್ತೂರಿನವರೇ, ಲೆಕ್ಕ ಹಾಕೋಣ. 4 ಇಂಚು ಅಂದರೆ 100 ಮಿ.ಮೀ. ಡಿಸ್ಕು 11,000 ಆರ್‌ಪಿಎಂಗೆ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತೆ. ಗಂಟೆಗೆ 200 ಕಿ.ಮೀ. ಮೇಲೆ. ಡಿಸ್ಕ್ ಕಂಪನಿಯವರು ತಡೆಯುತ್ತೆ ಅಂತ ಬರೆದಿರುವ ಮಿತಿ ಸೆಕೆಂಡಿಗೆ 80 ಮೀಟರ್. ಅದೇ ಮಷಿನ್ನಿಗೆ 180 ಮಿ.ಮೀ. ಡಿಸ್ಕ್ ಹಾಕಿದಿರಿ, ಆರ್‌ಪಿಎಂ ಅಷ್ಟೇ, ಆದರೆ ಅಂಚಿನ ವೇಗ 104 ಮೀಟರ್ ಸಮೀಪ. ಡಿಸ್ಕನ್ನು ಹರಿದೊಗೆಯಲು ಎಳೆಯುವ ಬಲ ವೇಗದ ವರ್ಗದಂತೆ ಏರುತ್ತೆ, ಹಾಗಾಗಿ ಮಿತಿಯ 1.7 ಪಟ್ಟು. ನಿಮ್ಮ 7 ಇಂಚಿನ ಡಿಸ್ಕಿನ ಮೇಲೆ 8,500 ಅಂತ ಬರೆದಿರುತ್ತೆ, ಓದಿ ನೋಡಿ. ಅದರ ತೂತು 22 ಮಿ.ಮೀ., ನಿಮ್ಮದಕ್ಕೆ ಬೇಕಾದ್ದು 16. ವಾಷರ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಡಿಸ್ಕು ಓಲಾಡುತ್ತೆ.

20 ವರ್ಷ ಏನೂ ಆಗಿಲ್ಲ ಅಂದರೆ ನಿಮ್ಮ ಹೆಂಡತಿಯ ಪುಣ್ಯ. ಗಾರ್ಡಿನ ಬಾಯಿಯೇ ದೊಡ್ಡ ಡಿಸ್ಕ್ ಕೂರದ ಹಾಗೆ ಕಾಯುವ ಅಳತೆಪಟ್ಟಿ. ಅದನ್ನೇ ತೆಗೆದು ಲಾಭ ಅಂತೀರಲ್ಲ.

ಪುತ್ತೂರ್_ರಬ್ಬರ್

ಹೆಂಡತಿಯ ಪುಣ್ಯ ಎಂದು ಅವಳಿಗೆ ಓದಿ ಹೇಳಿದೆ. ಈಗ ಅವಳು ಗಾರ್ಡ್ ಎಲ್ಲಿ ಎಂದು ಕೇಳುತ್ತಾ ಇದ್ದಾಳೆ. ನಿಮಗೆ ಬೇರೆ ಕೆಲಸ ಇಲ್ಲವಾ ಸ್ವಾಮಿ?

ಕಣ್ಣಿನ_ವಾರ್ಡ್

ನಾನು ಕಣ್ಣಿನ ವಿಭಾಗದಲ್ಲಿ ಸ್ಟಾಫ್ ನರ್ಸ್. ಸಾಗರದ ಅಣ್ಣನ ಓದುವ ಕನ್ನಡಕದ ಸಾಲಿಗೆ ಬಂದು ನಿಂತೆ.

ಓದುವ ಕನ್ನಡಕ ಮುಂದಿನಿಂದ ಬರುವುದನ್ನು ಮಾತ್ರ ಅರ್ಧಂಬರ್ಧ ತಡೆಯುತ್ತೆ. ಕಿಡಿ ಬರುವುದು ಕೆನ್ನೆಯ ಕೆಳಗಿನಿಂದ, ಹುಬ್ಬಿನ ಮೇಲಿಂದ, ಎದುರಿನ ಗೋಡೆಗೆ ತಾಗಿ ವಾಪಸ್. ಸುತ್ತಲೂ ಮುಚ್ಚಿರುವ ಗಾಗಲ್ಸ್ ಹಾಕಿ, ಅದರ ಮೇಲೆ ಮುಖ ಮುಚ್ಚುವ ಶೀಲ್ಡ್. ಶೀಲ್ಡ್ ಒಂದೇ ಸಾಲದು, ಅದರ ಕೆಳಗಿನಿಂದ ನುಗ್ಗುತ್ತೆ. ಬೈಕ್ ಹೆಲ್ಮೆಟ್ಟಿನ ಗ್ಲಾಸ್ ಇಳಿಸಿಕೊಂಡು ಮಾಡುವವರೂ ಇದ್ದಾರೆ. ಬರಿಗಣ್ಣಿಗಿಂತ ಮೇಲು, ಅಷ್ಟು ಮಾತ್ರ.

ನಮ್ಮಲ್ಲಿಗೆ ಬರುವವರದು ಒಂದೇ ಕಥೆ. ಸಂಜೆ ಕಣ್ಣಲ್ಲಿ ಏನೋ ಬಿತ್ತು, ಉಜ್ಜಿದೆ, ರಾತ್ರಿ ನಿದ್ದೆ ಇಲ್ಲ. ಅಷ್ಟರಲ್ಲಿ ಯಾರೋ ಸೆರಗಿನ ತುದಿಯಲ್ಲಿ ತೆಗೆಯಲು ನೋಡಿರ್ತಾರೆ, ಯಾರೋ ನಾಲಿಗೆಯಲ್ಲಿ. ಇನ್ನೊಬ್ಬರು ಎದೆಹಾಲು ಬಿಟ್ಟಿರ್ತಾರೆ. ಕಬ್ಬಿಣದ ಚೂರು ಬಿಸಿಯಾಗಿ ಬಂದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಅಂಟಿಕೊಂಡಿರುತ್ತೆ. ಒಂದೆರಡು ದಿನ ಬಿಟ್ಟರೆ ಅದರ ಸುತ್ತ ತುಕ್ಕಿನ ಉಂಗುರ ಕಟ್ಟುತ್ತೆ. ನಾನು ನೋಡಿದ್ದೇನೆ, ಮೈಕ್ರೋಸ್ಕೋಪಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಬಳೆಯ ಹಾಗೆ. ಚೂರು ತೆಗೆದ ಮೇಲೆ ಆ ತುಕ್ಕನ್ನೂ ಡಾಕ್ಟರು ಕೆರೆದು ತೆಗೆಯಬೇಕು. ಗುಡ್ಡೆಯ ನಡುವೆ ಆಗಿದ್ದರೆ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ಚೂರು ಬಿತ್ತು ಅನ್ನಿಸಿದರೆ ಉಜ್ಜಬೇಡಿ. ಶುದ್ಧ ನೀರಲ್ಲಿ ತೊಳೆದು ನೋಡಿ, ಹೋಗದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆದರೆ ಜೋರಾಗಿ ಹೊಡೆದ ಹಾಗಾಗಿ ಒಮ್ಮೆಲೇ ಮಂಜು ಕವಿದರೆ, ರಕ್ತವೋ ನೀರಿನಂಥದ್ದೋ ಸೋರಿದರೆ, ಚೂರು ಗುಡ್ಡೆಯೊಳಗೇ ಹೋಗಿರಬಹುದು. ಇದರಲ್ಲಿ ನೋವು ಕಡಿಮೆ ಇರುವುದೂ ಉಂಟು, ಮೋಸ ಹೋಗಬೇಡಿ. ಆಗ ತೊಳೆಯಬೇಡಿ, ಒತ್ತಬೇಡಿ, ಡ್ರಾಪ್ಸ್ ಬೇಡ. ಕಣ್ಣಿಗೆ ತಾಗದ ಹಾಗೆ ಕಾಗದದ ಲೋಟ ಕವುಚಿ ಟೇಪ್ ಹಾಕಿ ನೇರ ಆಸ್ಪತ್ರೆ. ಮುಂದೆಂದಾದರೂ ಎಂಆರ್‌ಐ ಮಾಡಿಸುವಾಗ "ಗ್ರೈಂಡಿಂಗ್ ಕೆಲಸ ಮಾಡಿದ್ದೆ, ಕಣ್ಣಿಗೆ ಚೂರು ಬಿದ್ದಿತ್ತು" ಅಂತ ಹೇಳಲು ಮರೆಯಬೇಡಿ. ಒಳಗೆ ಉಳಿದ ಕಬ್ಬಿಣವನ್ನು ಆ ಮಷಿನ್ನಿನ ಅಯಸ್ಕಾಂತ ಅಲುಗಾಡಿಸುತ್ತೆ.

ಮೈಸೂರ್_ಮಲ್ಲಿಗೆ

ದೋಸೆ ಹಿಟ್ಟಿಗೆ ಬಂದವಳು ಇಲ್ಲೇ ಕೂತುಬಿಟ್ಟೆ. ನನ್ನದೂ ಒಂದಿದೆ. ಲಾಕ್‌ಡೌನಿನಲ್ಲಿ ಅಡುಗೆಮನೆ ಸಿಂಕ್ ಪಕ್ಕ ಎರಡು ಟೈಲ್ಸ್ ಕಿತ್ತು ಬಂದಿತ್ತು. ತಮ್ಮನ ಗ್ರೈಂಡರಿಗೆ ಡೈಮಂಡ್ ಬ್ಲೇಡ್ ಹಾಕಿ ನಾನೇ ಕೊಯ್ದೆ. ಐದೇ ನಿಮಿಷ. ಬಿಳೀ ಧೂಳು ಎಷ್ಟೆಂದರೆ ಮೂರು ದಿನ ಕಳೆದರೂ ದೇವರ ಪಟದ ಮೇಲೆ ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಧೂಳು ಏಳದಿರಲಿ ಅಂತ ಮಗಳ ಕೈಲಿ ಚೊಂಬಿನಿಂದ ನೀರು ಹೊಯ್ಯಿಸಿದ್ದೆ. ಆಮೇಲೆ ಯಾರೋ ಅಂದರು ಅದು ಸರೀನೇ ಅಂತ. ಹೌದಾ?

ಫಿಟ್ಟರ್_ಭದ್ರಾವತಿ

ಅಮ್ಮಾ, ಆ ಮಾತು ಅರ್ಧ ನಿಜ. ಕಲ್ಲು, ಟೈಲ್ಸ್, ಕಾಂಕ್ರೀಟ್ ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಪುಡಿಯೇ ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರುವುದು ಅದರಿಂದಲೇ. ಹಾಗಾಗಿ ನೀರು ಬೇಕು, ಸರಿ. ಆದರೆ ಸಾಧಾರಣ ಗ್ರೈಂಡರಿನ ಗಾಳಿ ಕಿಂಡಿ ಡಿಸ್ಕಿನ ಹಿಂದೆಯೇ ಇದೆ, ನೀರು ನೇರ ಮೋಟಾರಿಗೆ ಹೋಗುತ್ತೆ. ಕರೆಂಟ್ ಕೈಗೆ. ಚೊಂಬು ಹಿಡಿದ ಮಗುವಿಗೂ. ನೀರಿಗೆಂದೇ ಮಾಡಿದ ಮಾರ್ಬಲ್ ಕಟ್ಟರ್ ಬಾಡಿಗೆಗೆ ಸಿಗುತ್ತೆ, ಅದನ್ನು ತನ್ನಿ. ಟೈಲ್ಸಿಗೆ ನೇರ ಗೆರೆ ಸಾಕಾದರೆ ಗೀರಿ ಮುರಿಯುವ ಕೈ ಕಟ್ಟರೇ ಸಾಕು, ಧೂಳೇ ಇಲ್ಲ. ಗ್ರೈಂಡರೇ ಗತಿ ಅಂದರೆ ಅಂಗಳದಲ್ಲಿ, ಗಾಳಿ ಬೆನ್ನಿಗಿಟ್ಟುಕೊಂಡು, ಮೂಗಿಗೆ ಎನ್95 ಬಿಗಿಯಾಗಿ. ಟವಲ್ ಸುತ್ತಿದರೆ ಸಮಾಧಾನ ಮಾತ್ರ ಸಿಗುತ್ತೆ.

ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್, ಇದೆಯಾ ನೋಡಿ. ಲೋಡ್ ಹೆಚ್ಚಾದರೆ ಬೀಳುವ ಮಾಮೂಲಿ ಎಂಸಿಬಿ ವೈರನ್ನು ಕಾಯುತ್ತೆ, ಮನುಷ್ಯನನ್ನಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಈ ಯಂತ್ರಕ್ಕೆ ಎಲ್ಲರೂ "ಫ್ಲೆಕ್ಸ್" ಅಂತಾರೆ, ನಾವು ವನಸ್ಪತಿಗೆ ಡಾಲ್ಡಾ ಅಂದ ಹಾಗೆ. ಫ್ಲೆಕ್ಸ್ ಅನ್ನುವ ಕಂಪನಿ 1954ರಲ್ಲಿ ಇದನ್ನು ತಂದಿದ್ದು, ಸ್ಟುಟ್‌ಗಾರ್ಟ್ ಸೀಮೆಯದೇ ಕಂಪನಿ. ಕೊಯ್ಯುವುದಕ್ಕೆ "ಫ್ಲೆಕ್ಸನ್" ಅನ್ನೋ ಕ್ರಿಯಾಪದವೇ ಆಗಿದೆ. ಭಾನುವಾರ ಮಾತ್ರ ಫ್ಲೆಕ್ಸನ್ ಮಾಡುವಂತಿಲ್ಲ, ಪಕ್ಕದ ಮನೆ ಅಜ್ಜಿ ಬಾಗಿಲಿಗೆ ಬರ್ತಾರೆ.

ನಾನು ಹೊಸದು ಕೊಳ್ಳುವಾಗ ಹುಡುಕಿದ್ದು ಒಂದೇ, ಪ್ಯಾಡಲ್ ಸ್ವಿಚ್. ಅದುಮಿ ಹಿಡಿದಿದ್ದರೆ ಮಾತ್ರ ಓಡುತ್ತೆ, ಕೈ ಬಿಟ್ಟರೆ ಕರೆಂಟ್ ಕಟ್. ಸಾಗರದವರದು ಮುಂದೆ ತಳ್ಳಿ ಲಾಕ್ ಮಾಡುವ ಸ್ವಿಚ್ ಇರಬೇಕು, ಅದಕ್ಕೇ ಬಿದ್ದ ಮೇಲೂ ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು. ಆ ಸ್ವಿಚ್ಚಿನಲ್ಲಿ ಇನ್ನೊಂದು ಅಪಾಯ: ಕರೆಂಟ್ ಹೋದಾಗ ಆನ್ ಆಗಿಯೇ ಬಿಟ್ಟು ಕಾಫಿಗೆ ಹೋಗ್ತೀರಿ, ವಾಪಸ್ ಬಂದಾಗ ತಾನೇ ಎದ್ದು ಕುಣಿಯುತ್ತೆ.

ತೋಟದಮನೆ_ಸಾಗರ

ಹೌದು, ತಳ್ಳುವ ಸ್ವಿಚ್ಚೇ. ನಮ್ಮಲ್ಲಿ ಕರೆಂಟ್ ಹೋಗುವುದು ದಿನಕ್ಕೆ ನಾಲ್ಕು ಸಲ, ಇದು ಹೊಳೆದೇ ಇರಲಿಲ್ಲ.

ಎರಡು ಪ್ರಶ್ನೆ. ಕೈಗವಸು ಹಾಕಬೇಕಾ ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮತ್ತೆ ಇದರಲ್ಲಿ ಕತ್ತಿ ಮಸೆಯಬಹುದಾ? ಅಣ್ಣನ ಮಗ ನಿನ್ನೆ ಸೊಪ್ಪಿನ ಕತ್ತಿ ಮಸೆದುಕೊಟ್ಟ. ಎರಡೇ ನಿಮಿಷಕ್ಕೆ ಫಳಫಳ. ಇವತ್ತು ನಾಲ್ಕು ಹೊರೆ ಸೊಪ್ಪು ಕಡಿಯುವಷ್ಟರಲ್ಲಿ ಬಾಯಿ ಮಡಚಿದೆ.

ಹುಬ್ಳಿ_ಫ್ಯಾಬ್ರಿಕೇಶನ್

ಕೈಗವಸು: ಚರ್ಮದ್ದು, ಕೈಗೆ ಬಿಗಿ ಕೂಡೂವಂಥಾದ್ದು ಹಾಕ್ರಿ. ಬಿಳೀ ಹತ್ತಿ ಹೆಣದದ್ದು ಬ್ಯಾಡ, ಅದರ ಎಳಿ ಡಿಸ್ಕಿಗೆ ಸಿಕ್ರ ಕೈನೂ ಒಳಗ ಎಳಕೋತೈತಿ. ಅದಕ ಪಂಚೆ, ಹೆಗಲ ಮ್ಯಾಲಿನ ಟವಲ್ಲು, ಸಡಿಲ ತೋಳಿನ ಅಂಗಿ ಏನೂ ನಡಿಯಂಗಿಲ್ಲ. ನೈಲಾನ್ ಪ್ಯಾಂಟ್ ಹಾಕಿದ್ರ ಕಿಡಿಗೆ ಕರಗಿ ಚರ್ಮಕ್ಕ ಹತ್ತತೈತಿ. ದಪ್ಪ ಹತ್ತಿ ಪ್ಯಾಂಟು, ಬೂಟು. ಕಿವಿಗೂ ಏನರೆ ಹಾಕ್ರಿ, ನನ್ನ ಎಡಗಿವಿ ಈಗ ಅರ್ಧ ದಿನ ಗುಂಯ್ ಅಂತೈತಿ.

ಕಟ್ಟಿಗಿ ಕೊಯ್ಯೋ ಹಲ್ಲಿನ ಬ್ಲೇಡ್ ಇದಕ್ಕ ಹಾಕೋ ವಿಚಾರ ಬಂದಿದ್ರ ಇವತ್ತ ಬಿಡ್ರಿ. ಹಲ್ಲು ಗಂಟಿಗೆ ಸಿಕ್ರ ಮಷಿನ್ ಕೈಯಾಗ ನಿಲ್ಲಂಗಿಲ್ಲ. ನಮ್ಮ ಓಣ್ಯಾಗ ಒಬ್ಬಾವ ಹಿಂಗ ಎರಡು ಬೆರಳು ಕಳಕೊಂಡಾನ. ಅದರ ಮ್ಯಾಲ ಹೆಚ್ಚು ಹೇಳಂಗಿಲ್ಲ.

ಫಿಟ್ಟರ್_ಭದ್ರಾವತಿ

ಕತ್ತಿಯ ವಿಷಯ ನನಗೆ ಬಿಡಿ. ಅದರ ಬಾಯಿ ಹತ್ತಿರ ಹಿಡಿದು ಬೆಳಕಿಗೆ ನೋಡಿ. ಅಂಚಿನುದ್ದಕ್ಕೂ ಎಣ್ಣೆ ಚೆಲ್ಲಿದ ನೀರಿನ ಹಾಗೆ ಬಣ್ಣ ಕಾಣುತ್ತೆ, ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ತುತ್ತತುದಿಗೆ ನೀಲಿ. ಹಳದಿ ಅಂದರೆ ಉಕ್ಕು 220-230 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ನೀಲಿ ಅಂದರೆ 300ರ ಸುಮಾರು. ಕಮ್ಮಾರ ಕುಲುಮೆಯಲ್ಲಿ ಕಾಯಿಸಿ ನೀರಲ್ಲಿ ಅದ್ದಿ ಕೊಟ್ಟಿದ್ದ ಹದ ಅಲ್ಲಿಗೆ ಇಳಿದುಹೋಯಿತು. ತೆಳು ಅಂಚು, ವೇಗದ ಡಿಸ್ಕು, ಬಿಸಿ ಹೋಗಲು ಜಾಗವಿಲ್ಲ. ಹೊಳಪು ಬಂತು, ಗಟ್ಟಿತನ ಹೋಯಿತು, ಮಡಚದೆ ಇನ್ನೇನು ಮಾಡುತ್ತೆ?

ಈಗ ನೀಲಿ ಇರುವಷ್ಟನ್ನು ಕೈಯಲ್ಲಿ ಸಾಣೆಕಲ್ಲಿಗೆ ನೀರು ಹಾಕಿಕೊಂಡು ಮಸೆದು ತೆಗೆಯಿರಿ, ಒಳಗಿನ ಗಟ್ಟಿ ಉಕ್ಕು ಸಿಕ್ಕರೆ ಬಚಾವ್. ಸಿಗದಿದ್ದರೆ ಕಮ್ಮಾರನಲ್ಲಿ ಮತ್ತೆ ಹದ ಹಾಕಿಸಬೇಕು. ಮುರಿದ ಬಾಯಿ ಸರಿಮಾಡಲು ಗ್ರೈಂಡರೇ ಬೇಕಾದರೆ ಫ್ಲ್ಯಾಪ್ ಡಿಸ್ಕ್, ಒಂದು ಸಲ ಸವರಿ, ಬರಿಬೆರಳಿಗೆ ಬಿಸಿ ತಾಗುವ ಮೊದಲೇ ನೀರಿಗೆ ಅದ್ದಿ. ಕತ್ತಿ ಕ್ಲಾಂಪಿನಲ್ಲಿರಲಿ. ಡಿಸ್ಕು ಅಂಚಿನಿಂದ ಆಚೆಗೆ ಓಡುವಂತೆ ಹಿಡಿಯಿರಿ, ಅಂಚಿಗೆ ಎದುರಾಗಿ ಹಿಡಿದರೆ ಕಚ್ಚಿ ಎಸೆಯುತ್ತೆ.

ಬಿದ್ದ ಮಷಿನ್ನನ್ನು ಹಾಗೆಯೇ ಬಳಸಬೇಡಿ. ಪ್ಲಗ್ ಕಿತ್ತು, ಡಿಸ್ಕ್ ಕೂರುವ ಸ್ಪಿಂಡಲ್ಲನ್ನು ಕೈಯಲ್ಲಿ ತಿರುಗಿಸಿ ಓರೆಯಾಗಿದೆಯಾ ನೋಡಿ. ಲಾಕ್ ಬಟನ್ ಅದುಮಿ, ಜೊತೆಗೆ ಬಂದ ಎರಡು ಮೊಳೆಯ ಸ್ಪ್ಯಾನರಿನಲ್ಲೇ ನಟ್ ಬಿಗಿಮಾಡಿ, ಉಳಿ ಸುತ್ತಿಗೆ ಬೇಡ. ಹೊಸ ಡಿಸ್ಕ್ ಹಾಕಿದ ಮೇಲೆ ಯಾರೂ ಇಲ್ಲದ ಕಡೆ ಮುಖ ಮಾಡಿ ಒಂದು ನಿಮಿಷ ಖಾಲಿ ಓಡಿಸಿ. ಒಡೆಯುವುದಿದ್ದರೆ ಹೆಚ್ಚಾಗಿ ಆಗಲೇ ಒಡೆಯುತ್ತೆ.

ತೋಟದಮನೆ_ಸಾಗರ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. 14 ತುಂಡೂ ಆಯಿತು.

ಗಾರ್ಡ್ ಹಾಕಿದೆ. ಅಡ್ಡ ಬರುತ್ತೆ, ನಿಜ. ಮೊದಲೆರಡು ತುಂಡಿಗೆ ಗುರುತು ಕಾಣದೆ ಸಿಟ್ಟು ಬಂತು. ಆಮೇಲೆ ಗುರುತನ್ನೇ ಪೈಪಿನ ಸುತ್ತ ಟೇಪ್ ಸುತ್ತಿ ಹಾಕಿಕೊಂಡೆ, ಸರಿಹೋಯಿತು. ಹಲಸಿನ ದಿಮ್ಮಿಗೆ ಎರಡು ಸಿ-ಕ್ಲಾಂಪ್ ಹಾಕಿ ಪೈಪ್ ಕಚ್ಚಿಸಿದೆ, ತುಂಡು ಹೊರಗೆ ತೂಗುವ ಹಾಗೆ. ಕೊನೆಗೆ ಬಾಯಿ ತೆರೆದು "ಟಣ್" ಅಂತ ಬೀಳುತ್ತೆ, ಆ ಸದ್ದು ಕೇಳಿದರೆ ಖುಷಿ. ಕಿಡಿ ಬೀಳುವ ಕಡೆ ದರಕು ಗುಡಿಸಿ ನೀರು ಚಿಮುಕಿಸಿದ್ದೆ. ಒಳಗೆ ಬಂದು ಊಟ ಮಾಡಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ ಬಂದೆ. ಅಡಿಕೆ ಸಿಪ್ಪೆ ರಾಶಿಯ ಹತ್ತಿರ ಒಂದು ಕಡೆ ಸಣ್ಣಗೆ ಹೊಗೆ ಆಡುತ್ತಿತ್ತು! ಬಿಂದಿಗೆ ನೀರು ಹೊಯ್ದೆ.

ಈಗ ಕೈ ಕುದುರಿದೆ. ಮುಂದೆ ಹಳೇ 200 ಲೀಟರಿನ ಕಬ್ಬಿಣದ ಡ್ರಮ್ ಸೀಳಿ ದನಕ್ಕೆ ನೀರಿನ ತೊಟ್ಟಿ ಮಾಡೋಣ ಅಂತ. ಖಾಲಿ ಇದೆ, ಮುಚ್ಚಳ ಹಾಕಿಯೇ ಇದೆ.

ಹುಬ್ಳಿ_ಫ್ಯಾಬ್ರಿಕೇಶನ್

ತಡೀರಿ ತಡೀರಿ. ಅದರಾಗ ಮೊದಲ ಏನಿತ್ತು?

ತೋಟದಮನೆ_ಸಾಗರ

ಪೇಂಟ್ ಅಂಗಡಿಯವರು ಕೊಟ್ಟಿದ್ದು. ಥಿನ್ನರ್ ಇರಬೇಕು. ಮೂರು ವರ್ಷ ಆಯಿತು, ವಾಸನೆ ಕೂಡ ಅಷ್ಟಿಲ್ಲ.

ಹುಬ್ಳಿ_ಫ್ಯಾಬ್ರಿಕೇಶನ್

ಮುಟ್ಟಬ್ಯಾಡ್ರಿ. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ ಕೆಟ್ಟದ್ದು, ಒಳಗ ಬರೇ ಆವಿ ಮತ್ತ ಗಾಳಿ. ತಳದಾಗ ಒಂದ ಚಮಚ ಉಳಿದಿದ್ರೂ ಸಾಕು. ಮೊದಲನೇ ಕಿಡಿ ಒಳಗ ಹೊಕ್ಕರ ಅದು ಡ್ರಮ್ ಅಲ್ಲ, ಬಾಂಬ್. ತೊಳದೇನಿ ಅಂದ್ರೂ ಬ್ಯಾಡ. ಇಂಥಾ ಡ್ರಮ್ ನಮ್ಮ ಶೆಡ್ಡಿಗೆ ಬಂದ್ರ ನಾನೂ ವಾಪಸ್ ಕಳಸ್ತೀನಿ. ಮತ್ತ ದನಾ ಆ ನೀರು ಕುಡಿಯೋದು ಅಂದ್ರ ಏನ್ರಿ?

ತೋಟದಮನೆ_ಸಾಗರ

ಗುಜರಿಯವನಿಗೆ "ಥಿನ್ನರ್ ಡ್ರಮ್, ಬೆಂಕಿ ತಾಗಿಸಬೇಡ" ಅಂತ ಹೇಳಿಯೇ ಕೊಟ್ಟೆ. 300 ರೂಪಾಯಿ ಸಿಕ್ಕಿತು, ಅದಕ್ಕೆ ಗಾಗಲ್ಸ್ ಬಂತು. ತೊಟ್ಟಿಗೆ ಸಿಮೆಂಟ್ ರಿಂಗ್ ನೋಡ್ತೀನಿ.

ಪುತ್ತೂರ್_ರಬ್ಬರ್

ನನ್ನ ಗಾರ್ಡ್ ಸಿಕ್ಕಿತು ಮಾರಾಯ್ರೆ. ಕೋಳಿಗೂಡಿನ ಬಾಗಿಲಿಗೆ ಆಸರೆ ಕೊಟ್ಟಿದ್ದೆ. ಬೋಲ್ಟ್ ಇಲ್ಲ. ಯಾವ ಸೈಜಿನದು ಬೇಕು ಎಂದು ಯಾರಾದರೂ ಹೇಳ್ತೀರಾ?

ಫಿಟ್ಟರ್_ಭದ್ರಾವತಿ

ಬೋಲ್ಟ್ ಅಂದಾಜಿಗೆ ತರಬೇಡಿ. ಮಷಿನ್ನು, ಗಾರ್ಡು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಿಡಿಭಾಗದ ಅಂಗಡಿಗೇ ಹೋಗಿ, ಅಲ್ಲೇ ಬಿಗಿದು ನೋಡಿ. 7 ಇಂಚಿನ ಡಿಸ್ಕ್ ಮನೆಯಲ್ಲೇ ಬಿಟ್ಟು ಹೋಗಿ.